ಕಾಂಡೋಮ್ ಕೊಡುವ ಕೈಯನ್ನು ತಡೆಯುವವರಿಗೆ

ಗೇ ಮತ್ತು ಬೈಸೆಕ್ಷುಯಲ್ ಯುವಕರ ನಡುವೆ ಅವರದೇ ಸಮುದಾಯದ ಗೆಳೆಯರು ಸುರಕ್ಷಿತ ಲೈಂಗಿಕತೆಯ ಮಾತಾಡುತ್ತಾರೆ, ಕಾಂಡೋಮ್ ಹಂಚುತ್ತಾರೆ, ರಕ್ತಪರೀಕ್ಷೆಗೆ ಹೋಗಲು ಹೆದರುವವನ ಜೊತೆಗೆ ಆಸ್ಪತ್ರೆಗೂ ಹೋಗುತ್ತಾರೆ. ಇವರನ್ನು ಪೀರ್ ಎಜುಕೇಟರ್ ಎನ್ನುತ್ತಾರೆ. ಈ ಕೆಲಸವೇ ಬೇಡ, ಇದಕ್ಕೆ ಸರ್ಕಾರದ ಹಣ ಹೋಗಬಾರದು ಎನ್ನುವವರ ದನಿ ಇನ್ನೂ ಅಡಗಿಲ್ಲ. ಅವರ ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರಿಸುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು: "ಇದು ಪ್ರಚೋದನೆ. ಇಲ್ಲದ ಆಸೆಯನ್ನು ಹುಡುಗರ ತಲೆಗೆ ತುಂಬುತ್ತಾರೆ." ಪೀರ್ ಎಜುಕೇಟರ್ ಹೋಗುವುದು ಗಂಡಸರು ಆಗಲೇ ಗಂಡಸರನ್ನು ಹುಡುಕಿಕೊಂಡು ಬರುವ ಜಾಗಗಳಿಗೆ. ಪಾರ್ಕು, ಬಸ್ ನಿಲ್ದಾಣ, ಈಗ ಮೊಬೈಲ್ ಆ್ಯಪ್. ಕಾಂಡೋಮ್ ಸಿಕ್ಕಿತೆಂದು ಯಾರಿಗೂ ಹೊಸ ಆಸೆ ಹುಟ್ಟುವುದಿಲ್ಲ. ಬದಲಾಗುವುದು ಏನು ಎಂಬುದನ್ನು ಅಮೆರಿಕದಲ್ಲಿ ಅಳೆದು ನೋಡಿದ್ದಾರೆ. ಆರೆಗಾನ್ ರಾಜ್ಯದ ಯೂಜೀನ್ ಪಟ್ಟಣದಲ್ಲಿ ಗೇ ಯುವಕರೇ ನಡೆಸಿದ ಕಾರ್ಯಕ್ರಮದ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಕಾಂಡೋಮ್ ಇಲ್ಲದೆ ಗುದಸಂಭೋಗ ನಡೆಸುತ್ತಿದ್ದವರ ಪ್ರಮಾಣ ಶೇ. 41ರಿಂದ 30ಕ್ಕೆ ಇಳಿದಿತ್ತು. ಇನ್ನು "ಮಕ್ಕಳು" ಎಂಬ ಭಯದ ಬಗ್ಗೆ: ನಮ್ಮಲ್ಲಿ ಈ ಕಾರ್ಯಕ್ರಮ ಇರುವುದು ವಯಸ್ಕರಿಗೆ. 18ರೊಳಗಿನವರ ವಿಷಯದಲ್ಲಿ ಪೋಕ್ಸೊ ಕಾಯ್ದೆಯಿದೆ, ಅದರಲ್ಲಿ ರಾಜಿಯಿಲ್ಲ.

"ಇದು ಕಾನೂನಿಗೆ ವಿರುದ್ಧ" ಎನ್ನುವವರು ಹಳೆಯ ಕಾಲದಲ್ಲೇ ನಿಂತಿದ್ದಾರೆ. ಆ ಕಾಲ ಏನು ಮಾಡಿತೆಂದು ನೆನಪಿಸುತ್ತೇನೆ. 2001ರ ಜುಲೈನಲ್ಲಿ ಲಖನೌ ಪೊಲೀಸರು ಏಡ್ಸ್ ತಡೆಯಲು ದುಡಿಯುತ್ತಿದ್ದ ಭರೋಸಾ ಟ್ರಸ್ಟ್ ಮತ್ತು ನಾಜ್ ಫೌಂಡೇಶನ್ ಇಂಟರ್‌ನ್ಯಾಷನಲ್‌ನ ನಾಲ್ವರನ್ನು, ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ ದಂಡಸಂಹಿತೆಯ 377ನೇ ಸೆಕ್ಷನ್ ಅಡಿ ಬಂಧಿಸಿದರು. ಅವರ ಬಳಿಯಿದ್ದ ಆರೋಗ್ಯ ಶಿಕ್ಷಣದ ಸಾಮಗ್ರಿಯೇ ಅಶ್ಲೀಲ ಎನಿಸಿಕೊಂಡಿತು. ಒಂದೂವರೆ ತಿಂಗಳು ಅವರು ಜೈಲಿನಲ್ಲಿ ಕಳೆದರು. ಮುಂದೆ ದೆಹಲಿ ಹೈಕೋರ್ಟಿನಲ್ಲಿ 377ರ ವಿಚಾರಣೆ ನಡೆದಾಗ, ಕೇಂದ್ರ ಸರ್ಕಾರದ್ದೇ ಅಂಗವಾದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ನ್ಯಾಕೋ, ಈ ಸೆಕ್ಷನ್ನಿನ ಭಯ ಜನರನ್ನು ಮರೆಗೆ ತಳ್ಳಿ ಸೋಂಕು ತಡೆಯುವ ಕೆಲಸಕ್ಕೆ ಅಡ್ಡಿಯಾಗಿದೆ ಎಂದು ಪ್ರಮಾಣಪತ್ರ ಸಲ್ಲಿಸಿತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ತೀರ್ಪು ಕೊಟ್ಟಿತು. ನಾಲ್ಕೇ ದಿನಕ್ಕೆ, ಸೆಪ್ಟೆಂಬರ್ 10ರಂದು, 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಜಾರಿಗೆ ಬಂತು. ಸೋಂಕಿನ ಅಪಾಯ ತಗ್ಗಿಸುವ ಕೆಲಸವನ್ನು ನಿರ್ಬಂಧಿಸುವಂತಿಲ್ಲ, ಅದು ಅಪರಾಧವೂ ಆಗುವುದಿಲ್ಲ ಎನ್ನುತ್ತದೆ ಅದರ 22ನೇ ಸೆಕ್ಷನ್. ಇಂದು ಕಾಂಡೋಮ್ ಹಂಚುವವನನ್ನು ಬೆದರಿಸುವ ಪೇದೆಯೇ ಕಾನೂನು ಮೀರುತ್ತಿದ್ದಾನೆ.

ವಿದೇಶಿ ಹಣದ ಆರೋಪಕ್ಕೆ ಹೆಚ್ಚು ಮಾತು ಬೇಡ. ಗೇಟ್ಸ್ ಫೌಂಡೇಶನ್ 2003ರಲ್ಲಿ ಆರಂಭಿಸಿದ 'ಆವಾಹನ್' ಎಂಬ ಎಚ್‌ಐವಿ ತಡೆ ಕಾರ್ಯಕ್ರಮ ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳಲ್ಲಿ ನಡೆಯಿತು, ನಿಜ. ಮೊದಲ ಐದು ವರ್ಷಗಳಲ್ಲಿ ಅದು ಸುಮಾರು 1 ಲಕ್ಷ ಸೋಂಕುಗಳನ್ನು ತಪ್ಪಿಸಿತೆಂದು 2011ರ ಅಧ್ಯಯನವೊಂದು ಅಂದಾಜಿಸಿತು. ಆಮೇಲೆ ಆ ಕೆಲಸವನ್ನು ಸರ್ಕಾರವೇ ವಹಿಸಿಕೊಂಡಿತು. 2021ರಿಂದ 2026ರ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮಕ್ಕೆ ಕೇಂದ್ರ ಮಂಜೂರು ಮಾಡಿದ್ದು 15,471 ಕೋಟಿ ರೂಪಾಯಿಗೂ ಹೆಚ್ಚು. ಅದು ನಮ್ಮದೇ ಹಣ.

ಪ್ರಾಮಾಣಿಕರೂ ಕೇಳುವ ಪ್ರಶ್ನೆ ಬೇರೆಯಿದೆ: "ವೈದ್ಯರಿದ್ದಾರೆ, ಆಸ್ಪತ್ರೆಯಿದೆ. ಗೆಳೆಯರೇ ಯಾಕೆ ಬೇಕು?"

ನಮ್ಮ ಗೋಡೆಗಳ ಮೇಲಿನ ಏಡ್ಸ್ ಜಾಹೀರಾತುಗಳಲ್ಲಿ ವರ್ಷಗಟ್ಟಲೆ ಇದ್ದದ್ದು ಗಂಡ, ಹೆಂಡತಿ, ಲೈಂಗಿಕ ಕಾರ್ಯಕರ್ತೆ. ಅದನ್ನು ನೋಡಿ ಬೆಳೆದ ಯುವಕ, ಹೆಣ್ಣಿನಿಂದ ಮಾತ್ರ ಕಾಯಿಲೆ ಬರುತ್ತದೆ, ಗಂಡಸಿನ ಜೊತೆ ಭಯವಿಲ್ಲ ಎಂದು ತೀರ್ಮಾನಿಸಿದ. ವಾಸ್ತವ ಇದಕ್ಕೆ ತದ್ವಿರುದ್ಧ. ಸೋಂಕಿರುವ, ಚಿಕಿತ್ಸೆಯಲ್ಲಿಲ್ಲದ ಸಂಗಾತಿಯೊಡನೆ ರಕ್ಷಣೆಯಿಲ್ಲದೆ ಕೂಡಿದಾಗ ಯೋನಿಯ ಮೂಲಕ ಹೆಣ್ಣಿಗೆ ಸೋಂಕು ತಗಲುವ ಸಾಧ್ಯತೆ 10,000 ಸಲಕ್ಕೆ ಸುಮಾರು 8. ಗುದಸಂಭೋಗದಲ್ಲಿ ಒಳಗೊಳ್ಳುವವನಿಗೆ ಸುಮಾರು 138. ಇದನ್ನು ಅವನಿಗೆ ಯಾರು ಹೇಳಬೇಕು? ವೈದ್ಯರ ಮೊದಲ ಪ್ರಶ್ನೆ "ಮದುವೆಯಾಗಿದೆಯಾ?" ಎಂದಾದರೆ ಅವನ ಬಾಯಿ ಅಲ್ಲಿಗೇ ಕಟ್ಟಿಹೋಗುತ್ತದೆ. ಗುದದ್ವಾರದ ಗೊನೋರಿಯಾ ಎಷ್ಟೋ ಸಲ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಅವನು ಹೇಳದೆ ವೈದ್ಯರು ಅಲ್ಲಿ ಪರೀಕ್ಷಿಸುವುದಿಲ್ಲ, ಕೇಳದೆ ಅವನು ಹೇಳುವುದಿಲ್ಲ.

ಕೊಬ್ಬರಿ ಎಣ್ಣೆಯ ವಿಷಯವನ್ನೇ ನೋಡಿ. ನಮ್ಮ ಪ್ರತಿ ಮನೆಯಲ್ಲೂ ಸಿಗುವ ವಸ್ತು. ಜಾರುಕಕ್ಕೆಂದು ಅದನ್ನೇ ಬಳಸುತ್ತಾರೆ. ಎಣ್ಣೆ ತಾಗಿದರೆ ಲ್ಯಾಟೆಕ್ಸ್ ಕಾಂಡೋಮ್ ದುರ್ಬಲವಾಗಿ ಹರಿಯುತ್ತದೆ. ವ್ಯಾಸಲೀನ್ ಹಚ್ಚಿದರೂ ಅಷ್ಟೇ. ನೀರು ಆಧಾರಿತ ಲೂಬ್ರಿಕೆಂಟ್ ಬೇಕು. ಕಾಂಡೋಮ್ ಹಾಕಿಯೂ ಸೋಂಕಿಗೆ ತೆರೆದುಕೊಂಡವನಿಗೆ ಈ ಒಂದು ವಾಕ್ಯ ಜೀವ ಉಳಿಸುವ ಮಾತು. ಅದನ್ನು ನಾಚಿಕೆಯಿಲ್ಲದೆ ಕೇಳಬಲ್ಲವನು, ಹೇಳಬಲ್ಲವನು ಅವನಂತೆಯೇ ಬದುಕಿದವನು. ಕೋತಿ, ಪಂತಿ, ಡಬಲ್ ಡೆಕ್ಕರ್ ಎಂಬ ಸಮುದಾಯದ ಮಾತುಗಳು ಅವನಿಗೆ ಗೊತ್ತು. ಬಲಶಾಲಿ ಸಂಗಾತಿ "ಕಾಂಡೋಮ್ ಬೇಡ" ಎಂದಾಗ ಹೇಗೆ ಒಪ್ಪಿಸುವುದು, ಒಪ್ಪದಿದ್ದರೆ ಹೇಗೆ ಎದ್ದು ಬರುವುದು ಎಂಬುದೂ ಗೊತ್ತು. 60 ಜನರಿಗೆ ಒಬ್ಬ ಪೀರ್ ಎಜುಕೇಟರ್ ಎಂಬ ನ್ಯಾಕೋ ಲೆಕ್ಕದಲ್ಲಿ, ಅವರ ನಡುವೆ ನಂಬಿಕೆ ನಿಧಾನವಾಗಿ ಬೆಳೆಯಲು ಅವಕಾಶವಿದೆ. ಮನೆಯ ಒತ್ತಾಯಕ್ಕೆ ಮದುವೆಯಾದ ಗಂಡಸರೂ ಈ ಸಮುದಾಯದಲ್ಲಿದ್ದಾರೆ. ಅವರಿಗೆ ಸಿಕ್ಕ ರಕ್ಷಣೆ ಅವರ ಹೆಂಡತಿಯರಿಗೂ ರಕ್ಷಣೆ.

"ಈಗ ಮಾತ್ರೆಗಳು ಬಂದಿವೆಯಲ್ಲ?" ಎನ್ನುವವರಿಗೆ: ಬಂದಿವೆ, ಒಳ್ಳೆಯದಾಯಿತು. ಸೋಂಕು ತಗಲದಂತೆ ಮೊದಲೇ ನುಂಗುವ ಪ್ರೆಪ್ ಮಾತ್ರೆಯನ್ನು ತಪ್ಪದೆ ತೆಗೆದುಕೊಂಡವನಿಗೆ ಎಚ್‌ಐವಿಯಿಂದ ಗಟ್ಟಿ ರಕ್ಷಣೆಯಿದೆ. ಚಿಕಿತ್ಸೆಯಿಂದ ವೈರಾಣುವನ್ನು ಪತ್ತೆಯಾಗದ ಮಟ್ಟಕ್ಕೆ ಇಳಿಸಿಕೊಂಡವನಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ; 2019ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನ 782 ಗೇ ಜೋಡಿಗಳನ್ನು ಗಮನಿಸಿ ಅಂಥ ಒಂದೂ ಪ್ರಕರಣ ಕಾಣಲಿಲ್ಲ. ಆದರೆ ಸಿಫಿಲಿಸನ್ನು ಈ ಮಾತ್ರೆಗಳು ತಡೆಯುವುದಿಲ್ಲ. ಮಾತ್ರೆ ಇದೆ ಎಂಬ ಸುದ್ದಿ ಸಣ್ಣ ಊರಿನ ಇಪ್ಪತ್ತರ ಹುಡುಗನಿಗೆ ತಲುಪಬೇಕಾದರೂ ಅದೇ ಗೆಳೆಯನೇ ಬೇಕು.

ಕೊನೆಯ ಆಕ್ಷೇಪ ಸಮುದಾಯದ ಒಳಗಿನದು. ಅದು ನನ್ನನ್ನು ನಿಜಕ್ಕೂ ತಟ್ಟುತ್ತದೆ: "ನಮ್ಮ ಪ್ರೀತಿಯ ಮಾತು ಬಂದಾಗಲೆಲ್ಲ ಏಡ್ಸ್ ಯಾಕೆ? ನಮ್ಮನ್ನು ರೋಗದ ಹೆಸರಲ್ಲಿ ಮಾತ್ರ ಗುರುತಿಸುತ್ತೀರಿ." ಈ ನೋವಿಗೆ ಕಾರಣವಿದೆ. ಮನುಷ್ಯನನ್ನು ಬಿಟ್ಟು ಅಪಾಯವನ್ನಷ್ಟೇ ಎಣಿಸುವ ಕಾರ್ಯಕ್ರಮ ಕೆಟ್ಟ ಕಾರ್ಯಕ್ರಮ. ಆದರೆ 2021ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಗಂಡಸರೊಡನೆ ಸಂಬಂಧವಿರುವ ಗಂಡಸರಲ್ಲಿ ಸೋಂಕಿನ ಪ್ರಮಾಣ ಶೇ. 3.26 ಇತ್ತು, ಅದೇ ವರ್ಷ ದೇಶದ ಎಲ್ಲ ವಯಸ್ಕರ ಅಂದಾಜು ಶೇ. 0.21. ಈ ಅಂತರವನ್ನು ಮುಚ್ಚಿಟ್ಟರೆ ಕಳಂಕ ಹೋಗುವುದಿಲ್ಲ, ಚಿಕಿತ್ಸೆ ತಡವಾಗುತ್ತದೆ. ದಾರಿ ಬೇರೆಯಿದೆ. ಬೆಂಗಳೂರಿನ ಸಂಗಮ ಸಂಸ್ಥೆ ಪೊಲೀಸ್ ಕಿರುಕುಳಕ್ಕೆ ಸಿಕ್ಕವರ, ಮನೆಯಿಂದ ಹೊರದೂಡಲ್ಪಟ್ಟವರ ಪರವಾಗಿ ನಿಂತದ್ದು ಆರೋಗ್ಯದ ಮಾತಿಗೂ ಬಲ ಕೊಟ್ಟಿತು. ಬ್ಲ್ಯಾಕ್‌ಮೇಲ್ ಆದಾಗ ನೆರವಿಗೆ ಓಡಿ ಬಂದವನ ಮಾತಿಗೆ ಬೆಲೆಯಿರುತ್ತದೆ. ಅವನು "ಪರೀಕ್ಷೆ ಮಾಡಿಸಿಕೋ" ಎಂದರೆ ಹುಡುಗ ಎದ್ದು ಹೊರಡುತ್ತಾನೆ.

ಇದನ್ನು ಓದುತ್ತಿರುವ ತಂದೆತಾಯಿಯರಲ್ಲಿ, ವೈದ್ಯರಲ್ಲಿ, ಪೊಲೀಸರಲ್ಲಿ ಕೇಳಿಕೊಳ್ಳುವುದಿಷ್ಟೇ: ಈ ಕೆಲಸ ಮಾಡುವವರನ್ನು ತಡೆಯಬೇಡಿ, ಸಾಧ್ಯವಾದರೆ ಅವರ ಜೊತೆ ನಿಲ್ಲಿ. ಓದುತ್ತಿರುವುದು ಆ ಯುವಕನೇ ಆದರೆ, ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡು. ಕರೆ ಉಚಿತ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಎಂಬ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಪರೀಕ್ಷೆಯೂ ಉಚಿತ, ನಿನ್ನ ಫಲಿತಾಂಶ ಕಾನೂನಿನ ಪ್ರಕಾರ ಗುಟ್ಟಾಗಿಯೇ ಇರಬೇಕು. ಸೋಂಕು ಇದ್ದರೂ ಹೆದರಬೇಡ, ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಚಿಕಿತ್ಸೆಯನ್ನು ಸರ್ಕಾರ 2004ರಿಂದ ಉಚಿತವಾಗಿ ಕೊಡುತ್ತಿದೆ.