ಸೇದೋರು ಯಾರೋ, ಹೊಗೆ ಕುಡಿಯೋರು ನಾವು



ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಿದ್ದು ಎಲ್ಲರಿಗೂ ನೆನಪಿದೆ. 2017ರ ಫೆಬ್ರವರಿ, ಮತ್ತೆ 2018ರ ಜನವರಿ. ಹೊಗೆ ಅಪಾರ್ಟ್‌ಮೆಂಟಿನ ಬಾಲ್ಕನಿಗೆ ಬಂತು ನೋಡಿ, ಟಿವಿಯವರು ಬಂದರು, ಮಿಲಿಟರಿಯವರು ಬಂದರು, ಹಸಿರು ನ್ಯಾಯಮಂಡಳಿ ಸರ್ಕಾರವನ್ನು ತರಾಟೆಗೆ ತಗೊಂಡಿತು. ಆಗಬೇಕಾದ್ದೇ. ಆದರೆ ಅದೇ ಬೆಳ್ಳಂದೂರಿನ ಹೋಟೆಲ್ಲು, ಪಬ್ಬುಗಳ ಒಳಗೆ ದಿನಾ ರಾತ್ರಿ ತುಂಬುವ ಸಿಗರೇಟಿನ ಹೊಗೆಗೆ ಯಾರೂ ಬರಲ್ಲ. ಅದನ್ನ ಕುಡಿಯೋರಿಗೆ ಬಾಲ್ಕನಿ ಇಲ್ಲ.

ನಮ್ಮ ಚಿಕ್ಕಮ್ಮ ಇಲ್ಲೇ ಒಂದು ಹೋಟೆಲಿನಲ್ಲಿ ಹೌಸ್‌ಕೀಪಿಂಗ್ ಕೆಲಸ ಮಾಡ್ತಾಳೆ. ಗುತ್ತಿಗೆ ಕೆಲಸ. ಜೀವಮಾನದಲ್ಲಿ ಬೀಡಿ ಮುಟ್ಟಿದವಳಲ್ಲ. ಆದರೆ ಮನೆಗೆ ಬಂದರೆ ಅವಳ ತಲೆಗೂದಲೆಲ್ಲ ಸಿಗರೇಟಿನ ವಾಸನೆ. ಸ್ಮೋಕಿಂಗ್ ರೂಮಿನ ಹಾಸಿಗೆ ಕೊಡವೋದು, ಬೂದಿ ಒರೆಸೋದು, ಬಾತ್‌ರೂಮಿನಲ್ಲಿ ಬಿದ್ದಿರೋ ಸಿಗರೇಟ್ ತುಂಡು ಆಯೋದು ಅವಳ ಪಾಲಿಗೆ. ರಾತ್ರಿಯೆಲ್ಲ ಕೆಮ್ಮು. "ಸೂಪರ್‌ವೈಸರಿಗೆ ಹೇಳು ಚಿಕ್ಕಮ್ಮ" ಅಂದೆ. "ಹೇಳಿದ್ರೆ ನಾಳೆಯಿಂದ ಬರಬೇಡ ಅಂತಾರೆ ಮಗಾ" ಅಂದಳು.

ಕಾನೂನು ಏನ್ ಹೇಳುತ್ತೆ? 2003ರ ಕೋಟ್ಪಾ ಕಾಯ್ದೆ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಸೇದೋ ಹಾಗಿಲ್ಲ. ಆದರೆ 30 ರೂಮಿನ ಹೋಟೆಲಿಗೆ, 30 ಸೀಟಿನ ರೆಸ್ಟೋರೆಂಟಿಗೆ ಪ್ರತ್ಯೇಕ ಜಾಗ ಮಾಡಿಕೊಳ್ಳೋ ವಿನಾಯಿತಿ ಇದೆ. 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳಲ್ಲಿ ಷರತ್ತೂ ಇದೆ: ಸೇದುವ ಕೋಣೆಗೆ ನಾಲ್ಕೂ ಕಡೆ ಪೂರ್ತಿ ಗೋಡೆ ಇರಬೇಕು, ಬಾಗಿಲು ತಾನಾಗೇ ಮುಚ್ಚಿಕೊಳ್ಳಬೇಕು, ಅಲ್ಲಿ ಊಟ, ಡ್ರಿಂಕ್ಸು ಯಾವುದನ್ನೂ ಸರ್ವ್ ಮಾಡಬಾರದು. ಸ್ಮೋಕಿಂಗ್ ರೂಮುಗಳ ಹೊಗೆ ಲಾಬಿಗೂ ಬರಬಾರದು, ಕಾರಿಡಾರಿಗೂ ಬರಬಾರದು.

ನೋಡಿದ್ರಾ? ಕಾರಿಡಾರಿನ ಬಗ್ಗೆ ಯೋಚನೆ ಮಾಡಿದ್ದಾರೆ. ಆ ರೂಮಿನೊಳಗೇ ಹೋಗಿ ಕಸ ಗುಡಿಸೋ ಹೆಂಗಸಿನ ಬಗ್ಗೆ ಯೋಚಿಸಿಲ್ಲ. ಅವಳು ಮನುಷ್ಯಳು ಅಂತ ಬರೆಯೋರ ಕಣ್ಣಿಗೆ ಕಾಣಲೇ ಇಲ್ಲ.

ನಮ್ಮ ರಾಜ್ಯ ಸರ್ಕಾರ 2024ರಲ್ಲಿ ಇದೇ ಕಾಯ್ದೆಗೆ ತಿದ್ದುಪಡಿ ತಂದಿತು, 2025ರಲ್ಲಿ ರಾಷ್ಟ್ರಪತಿ ಅಂಕಿತವೂ ಬಿತ್ತು. ದಂಡ 200ರಿಂದ 1000 ರೂಪಾಯಿ ಆಯ್ತು, ತಂಬಾಕು ಕೊಳ್ಳೋ ವಯಸ್ಸು 21 ಆಯ್ತು, ಹುಕ್ಕಾ ಬಾರು ನಿಷೇಧ ಆಯ್ತು. ಒಳ್ಳೇದು. ಆದರೆ ಆ 30 ರೂಮಿನ ವಿನಾಯಿತಿ ಹಾಗೇ ಉಳೀತು! ಈಗ ಟೀ ಅಂಗಡಿ ಮುಂದೆ ಬೀಡಿ ಹಚ್ಚಿದ ಗಾರೆ ಕೆಲಸದವನು ಎರಡು ದಿನದ ಕೂಲಿಯಷ್ಟು ದಂಡ ಕಟ್ಟಬೇಕು. ಹೋಟೆಲಿನ ಎಸಿ ರೂಮಿನಲ್ಲಿ ಸೇದೋನಿಗೆ ಆಶ್‌ಟ್ರೇ ಸಿಗುತ್ತೆ.

"ನಿಮ್ಮ ಕೇರಿಯವರೂ ಬೀಡಿ ಸೇದ್ತಾರಲ್ರೀ" ಅಂತ ಕಾಮೆಂಟ್ ಹಾಕೋರು ಇದ್ದೀರಿ. ಹೌದು, ನಮ್ಮಪ್ಪನೂ ಸೇದುತ್ತಿದ್ದ. ಕೇರಿಯಲ್ಲೂ ಇದನ್ನ ಮಾತಾಡೋಣ, ನಾನು ತಯಾರು. ಆದರೆ ನಮ್ಮಪ್ಪ ತನ್ನ ದುಡ್ಡಲ್ಲಿ ಸೇದಿದ. ಚಿಕ್ಕಮ್ಮ ಬೇರೆಯವರ ದುಡ್ಡಿನ ಹೊಗೆಗೆ ತನ್ನ ಶ್ವಾಸಕೋಶ ಕೊಡ್ತಿದ್ದಾಳೆ. ತಾವು ಸೇದದೇ, ಬೇರೆಯವರ ಹೊಗೆಯಿಂದಲೇ ಸಾಯೋರು ಜಗತ್ತಿನಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ.

ಗಾಳಿಗೆ ಜಾತಿ ಇಲ್ಲ ಅಂತಾರೆ. ಹಾಗಾದ್ರೆ ಹೊಗೆ ತುಂಬಿದ ರೂಮಿನ ಪೊರಕೆ ಯಾವಾಗಲೂ ನಮ್ಮವರ ಕೈಗೇ ಯಾಕೆ ಬರುತ್ತೆ? 1927ರಲ್ಲಿ ಬಾಬಾಸಾಹೇಬರು ಮಹಾಡಿನಲ್ಲಿ ಕೆರೆ ನೀರು ನಮ್ಮ ಹಕ್ಕು ಅಂತ ತೋರಿಸಿಕೊಟ್ಟರು. ಉಸಿರಾಡೋ ಗಾಳಿಗೂ ನಾವೀಗ ಅರ್ಜಿ ಹಾಕಬೇಕಾ?

ನಮ್ಮ ಬೇಡಿಕೆ ಮೂರೇ:
1. 30 ರೂಮು, 30 ಸೀಟಿನ ವಿನಾಯಿತಿ ತೆಗೀರಿ.
2. ಅಲ್ಲೀತನಕ ತಪಾಸಣೆ ಟೀ ಅಂಗಡಿಯಿಂದಲ್ಲ, ಹೋಟೆಲು, ಪಬ್ಬಿನಿಂದ ಶುರುವಾಗಲಿ. ದಂಡ ಮಾಲೀಕರಿಗೂ ಬೀಳಲಿ.
3. ಸ್ಮೋಕಿಂಗ್ ರೂಮಿಗೆ ಹೋಗಲ್ಲ ಅನ್ನೋ ಹಕ್ಕು ಗುತ್ತಿಗೆ ಕಾರ್ಮಿಕರಿಗೆ ಸಿಗಲಿ. ಹಾಗಂದಿದ್ದಕ್ಕೆ ಕೆಲಸ ಹೋಗಬಾರದು.

ಹೋಟೆಲು, ಪಬ್ಬಿನಲ್ಲಿ ಕೆಲಸ ಮಾಡೋ ನಮ್ಮವರು ನಿಮ್ಮ ಮನೆಯಲ್ಲೂ ಇದ್ದಾರೆ. ಇವತ್ತು ರಾತ್ರಿ ಅವರ ಕೆಮ್ಮು ಕೇಳಿಸ್ಕೊಳ್ಳಿ, ಆಮೇಲೆ ಇಲ್ಲಿ ಬರೀರಿ.

ಜೈ ಭೀಮ್.