ಲಾರಿ ಮೇಲೆ ಸೂರ್ಯ? (ಭಾಗ 3)

ಹಿಂದಿನ ಎರಡು ಕ್ಯಾಪ್ಷನ್‌ಗಳಲ್ಲಿ ಫ್ಯೂಷನ್ ಅಂದ್ರೇನು, ಅದಕ್ಕೆ 10 ಕೋಟಿ ಡಿಗ್ರಿಗಿಂತ ಜಾಸ್ತಿ ಬಿಸಿ ಯಾಕೆ ಬೇಕು ಅಂತ ನೋಡಿದ್ವಿ. ಈ ಸಲ ಬರೀ ವಿವರಣೆ ಅಲ್ಲ, ನನ್ನ ಅಭಿಪ್ರಾಯ. ಒಪ್ಪಲೇಬೇಕು ಅಂತೇನಿಲ್ಲ.

ರೀಲ್ಸ್‌ನಲ್ಲಿ ನೀವೂ ನೋಡಿರ್ತೀರಿ. ಕೋಣೆಯಷ್ಟೇ ಗಾತ್ರದ ಯಂತ್ರ, ಇಡೀ ಊರಿಗೆ ಕರೆಂಟು, ಇನ್ನೇನು ಬಂದೇಬಿಡ್ತು! ಈ "ಬಂದೇಬಿಡ್ತು"ಗೆ ವಯಸ್ಸಾಗಿದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಕೆಲಸ ಮಾಡಿದ್ದ ಹೋಮಿ ಭಾಭಾ 1955ರಲ್ಲಿ ಜಿನೀವಾದ ಅಣುಶಕ್ತಿ ಸಮ್ಮೇಳನದ ಅಧ್ಯಕ್ಷರಾಗಿದ್ರು. ಇನ್ನು ಇಪ್ಪತ್ತು ವರ್ಷದೊಳಗೆ ಫ್ಯೂಷನ್ ಶಕ್ತಿಯನ್ನು ಹತೋಟಿಯಲ್ಲಿ ಪಡೆಯೋ ದಾರಿ ಸಿಗುತ್ತೆ ಅಂತ ಅಲ್ಲಿ ಹೇಳಿದ್ರು. 1975 ಬಂತು, ಹೋಯ್ತು. 2014ರಲ್ಲಿ ಲಾಕ್‌ಹೀಡ್ ಮಾರ್ಟಿನ್ ಕಂಪನಿ, ಲಾರಿಯಲ್ಲಿ ಸಾಗಿಸಬಹುದಾದ 100 ಮೆಗಾವ್ಯಾಟ್ ರಿಯಾಕ್ಟರ್ ಮಾಡ್ತೀವಿ, ಐದು ವರ್ಷದಲ್ಲಿ ಮಾದರಿ ರೆಡಿ ಅಂತು. ಆ ಲಾರಿ ಇವತ್ತಿಗೂ ಹೊರಟಿಲ್ಲ.

ಹಾಗಾದ್ರೆ ಎಲ್ಲ ಬೊಗಳೆನಾ? ಅಲ್ಲ. ನಾನು ಹೇಳೋದು ಇಷ್ಟೇ: ಸಣ್ಣ ಯಂತ್ರಗಳ ಮೇಲೆ ಭರವಸೆ ಇಡಿ, ಕಂಪನಿ ಹೇಳೋ ತಾರೀಕಿನ ಮೇಲೆ ಬೇಡ.

ಭರವಸೆ ಯಾಕೆ ಅಂದ್ರೆ, ಈ ಸಲ ನಿಜವಾಗಿ ಏನೋ ಬದಲಾಗಿದೆ. ಹಂಡೆ ನೀರು ಬೇಗ ಆರಲ್ಲ, ಚೊಂಬಿನ ನೀರು ಆರುತ್ತೆ ಅಲ್ವಾ? ಪ್ಲಾಸ್ಮಾನೂ ಹಾಗೇ. ಅದಕ್ಕೇ ಟೋಕಮಾಕ್ ಅನ್ನೋ ಉದ್ದಿನವಡೆ ಆಕಾರದ ಯಂತ್ರಗಳನ್ನು ದೊಡ್ಡದು ಮಾಡ್ತಾ ಮಾಡ್ತಾ ಫ್ರಾನ್ಸ್‌ನ ಐಟರ್‌ವರೆಗೆ ಬಂದ್ವಿ. ಚೊಂಬಿಗೇ ದಪ್ಪ ಕಂಬಳಿ ಸುತ್ತಿದ್ರೆ? ಆ ಕಂಬಳಿನೇ ಕಾಂತಕ್ಷೇತ್ರ. ಅದು ಎರಡು ಪಟ್ಟಾದ್ರೆ, ಅಷ್ಟೇ ಜಾಗದಲ್ಲಿ ಸಿಗೋ ಫ್ಯೂಷನ್ ಶಕ್ತಿ ಸುಮಾರು 16 ಪಟ್ಟಾಗುತ್ತೆ.

ಫೋಟೋದಲ್ಲಿರೋ 'ಡಿ' ಆಕಾರದ ಕಾಂತ ನೋಡಿ. ಎಂಐಟಿ ಮತ್ತು ಕಾಮನ್‌ವೆಲ್ತ್ ಫ್ಯೂಷನ್ ಸಿಸ್ಟಮ್ಸ್ ಸೇರಿ ಮಾಡಿದ್ದು. 2021ರ ಸೆಪ್ಟೆಂಬರ್‌ನಲ್ಲಿ 20 ಟೆಸ್ಲಾ ಮುಟ್ಟಿತು. ಒಳಗೆ 267 ಕಿಲೋಮೀಟರ್ ಉದ್ದದ ಸೂಪರ್‌ಕಂಡಕ್ಟರ್ ಟೇಪು. ಈ ಜಾತಿಯ ಪದಾರ್ಥ ಮೊದಲು ಸಿಕ್ಕಿದ್ದು 1986ರಲ್ಲಿ, ಫ್ಯೂಷನ್‌ಗೆ ಸಂಬಂಧವೇ ಇಲ್ಲದ ಒಂದು ಲ್ಯಾಬಿನಲ್ಲಿ. ಅದನ್ನು ಕಿಲೋಮೀಟರ್‌ಗಟ್ಟಲೆ ತಯಾರಿಸೋದು ಕಲಿಯೋಕೆ ಮೂವತ್ತು ವರ್ಷದ ಮೇಲಾಯ್ತು. ಇದೇ ಕಾಂತ ಬಳಸಿ ಕಟ್ತಿರೋ ಸ್ಪಾರ್ಕ್ ಯಂತ್ರದ ವಡೆಯ ತ್ರಿಜ್ಯ 1.85 ಮೀಟರ್. ಐಟರ್‌ದು 6.2 ಮೀಟರ್.

ಸಣ್ಣದಾಗಿದ್ರೆ ನಿಜವಾದ ಲಾಭ ಏನು ಗೊತ್ತಾ? ಬೇಗ ಸೋಲಬಹುದು. ಐಟರ್ ಒಪ್ಪಂದಕ್ಕೆ ಸಹಿ ಬಿದ್ದಿದ್ದು 2006ರಲ್ಲಿ. 2024ರ ಹೊಸ ಯೋಜನೆ ಪ್ರಕಾರ ಪ್ರಯೋಗ ಶುರುವಾಗೋದೇ 2034ಕ್ಕೆ. ಅಲ್ಲಿ ಒಂದು ತಪ್ಪು ಕಂಡ್ರೆ ತಿದ್ದೋಕೆ ಒಂದು ತಲೆಮಾರು ಹೋಗುತ್ತೆ. (ಐಟರ್‌ನ ನಾನು ಬೈತಿಲ್ಲ. ಅದರ ಬೃಹತ್ ಕ್ರಯೋಸ್ಟಾಟ್ ತಯಾರಾಗಿದ್ದು ಗುಜರಾತಿನ ಹಜೀರಾದಲ್ಲಿ, ಹೆಮ್ಮೆ ಇದೆ.) ಅಮೆರಿಕದ ಹೀಲಿಯನ್ ಕಂಪನಿಯ ಪೊಲಾರಿಸ್ ಅವರ ಏಳನೇ ಯಂತ್ರ. ಏಳನೇದು! ಮಾಡಿ, ಕಲಿತು, ಇನ್ನೊಂದು ಮಾಡೋಕೆ ಆಗೋದು ಯಂತ್ರ ಸಣ್ಣದಿದ್ರೆ ಮಾತ್ರ.

ಆದರೆ ಸಣ್ಣದಾದ ಮಾತ್ರಕ್ಕೆ ಎಲ್ಲ ಕಷ್ಟವೂ ಸಣ್ಣದಾಗಲ್ಲ. ಕೆಲವು ದೊಡ್ಡದೇ ಆಗುತ್ತೆ. ಅಷ್ಟೇ ಶಕ್ತಿ ಚಿಕ್ಕ ಜಾಗದಲ್ಲಿ ಬಂದ್ರೆ ಗೋಡೆಗೆ ಬಡಿಯೋ ನ್ಯೂಟ್ರಾನ್ ಪೆಟ್ಟು ಜೋರು. ಇನ್ನು ಇಂಧನ. ಟ್ರಿಟಿಯಂ ಪ್ರಕೃತಿಯಲ್ಲಿ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಕೈಗಾದಲ್ಲಿರೋ ಥರದ ಭಾರಜಲ ರಿಯಾಕ್ಟರ್‌ಗಳಲ್ಲಿ ಅದು ಉಪ ಉತ್ಪನ್ನವಾಗಿ ಹುಟ್ಟುತ್ತೆ. ಆದ್ರೆ ಕೂಡಿಡೋಣ ಅಂದ್ರೆ ಸುಮಾರು 12 ವರ್ಷಕ್ಕೆ ಅರ್ಧ ಮಾಯ. ಹಾಗಾಗಿ ಯಂತ್ರವೇ ಲಿಥಿಯಂನಿಂದ ತನ್ನ ಟ್ರಿಟಿಯಂ ಹುಟ್ಟಿಸಿಕೊಳ್ಳಬೇಕು. ಇದನ್ನು ಪೂರ್ತಿಯಾಗಿ ಮಾಡಿ ತೋರಿಸಿದವರು ಇನ್ನೂ ಯಾರೂ ಇಲ್ಲ. ಹೀಲಿಯನ್ ಬೇರೆ ಇಂಧನ ಹಿಡಿದಿದೆ, ಹೀಲಿಯಂ-3. ಅದಕ್ಕೆ ಇನ್ನೂ ಜಾಸ್ತಿ ಬಿಸಿ ಬೇಕು.

"ಹಾಕಿದ್ದಕ್ಕಿಂತ ಜಾಸ್ತಿ ಬಂತು" ಅನ್ನೋ ಸುದ್ದಿ ಬಂದಾಗ ಯಾವ ಲೆಕ್ಕದಲ್ಲಿ ಅಂತ ಕೇಳಿ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಎನ್‌ಐಎಫ್‌ನಲ್ಲಿ 2.05 ಮೆಗಾಜೂಲ್ ಲೇಸರ್‌ಗೆ 3.15 ಮೆಗಾಜೂಲ್ ಬಂತು, ನಿಜವಾದ ಸಾಧನೆ. ಆದರೆ ಆ ಲೇಸರ್ ಹೊಡೆಯೋಕೆ ಸುಮಾರು 300 ಮೆಗಾಜೂಲ್ ಕರೆಂಟು ಹೋಗಿತ್ತು.

ನನಗೆ ಸಿಟ್ಟು ಬರೋದು "ಫ್ಯೂಷನ್ ಬರುತ್ತಲ್ಲ, ಸೋಲಾರ್ ಯಾಕೆ" ಅನ್ನೋ ಮಾತಿಗೆ. ಹೀಲಿಯನ್ 2028ಕ್ಕೆ ಮೈಕ್ರೋಸಾಫ್ಟ್‌ಗೆ ಕೊಡ್ತೀನಿ ಅಂದಿರೋದು 50 ಮೆಗಾವ್ಯಾಟ್, ಅದೂ ಎಲ್ಲ ಸರಿಹೋದ್ರೆ. ನಮ್ಮ ಪಾವಗಡದಲ್ಲಿ ಈಗಾಗಲೇ 2,050 ಮೆಗಾವ್ಯಾಟ್ ಸೋಲಾರ್ ನಿಂತಿದೆ. ಫ್ಯೂಷನ್ ನಮ್ಮ ಮಕ್ಕಳ ಕಾಲದ ಕರೆಂಟು ಆಗಬಹುದು. ಈ ಬೇಸಿಗೆಗೆ ಅದನ್ನು ನಂಬಿ ಕೂತ್ಕೊಳ್ಳೋಕಾಗಲ್ಲ.

ಬ್ರಾಂಚ್ ಆರಿಸೋ ಯೋಚನೆಯಲ್ಲಿರೋರಿಗೆ ಒಂದು ಮಾತು: ಇಲ್ಲಿ ಕೆಲಸ ಬರೀ ಪ್ಲಾಸ್ಮಾ ಫಿಸಿಕ್ಸ್‌ನವರಿಗಲ್ಲ. ನ್ಯೂಟ್ರಾನ್ ತಡೆಯೋ ಲೋಹ, ಮೈನಸ್ 253 ಡಿಗ್ರಿಯ ಕೂಲಿಂಗು, ಟೇಪು ನೇಯೋ ಕಾರ್ಖಾನೆ, ಎಲ್ಲಕ್ಕೂ ಮೆಟಲರ್ಜಿ, ಮೆಕ್ಯಾನಿಕಲ್, ಕೆಮಿಕಲ್‌ನವರು ಬೇಕು. ನಮ್ಮ ದೇಶದ್ದೇ ಒಂದು ಟೋಕಮಾಕ್ ಗಾಂಧಿನಗರದಲ್ಲಿ 1989ರಿಂದ ಇದೆ, ಹೆಸರು ಆದಿತ್ಯ. ಮುಂದಿನ ಕ್ಯಾಪ್ಷನ್ ಅದರ ಮೇಲೆ.