ಎರಡು ತಿಂಗಳ ಬೇಸಿಗೆ ಕೊಡಿ

ಕುವೆಂಪು ವಿಶ್ವವಿದ್ಯಾಲಯದ ಮಾನ್ಯ ಕುಲಪತಿಗಳಿಗೆ,

ನಾನು ಭದ್ರಾವತಿಯವಳು. ಬಿಎಸ್ಸಿ ಮಕ್ಕಳಿಗೆ ಸಸ್ಯಶಾಸ್ತ್ರ ಕಲಿಸುವ ಅತಿಥಿ ಉಪನ್ಯಾಸಕಿ. ಹೋದ ವರ್ಷ ಕೊನೆಯ ಸೆಮಿಸ್ಟರಿನ ಹುಡುಗಿಯೊಬ್ಬಳು ಪ್ರಾಕ್ಟಿಕಲ್ ಮುಗಿದ ಮೇಲೆ ಹಿಂದೆ ಉಳಿದು ಕೇಳಿದಳು: “ಮೇಡಂ, ಪಿಎಚ್‌.ಡಿ. ಮಾಡ್ಬೇಕಂದ್ರೆ ಎಷ್ಟು ಫೀಸ್ ಕಟ್ಬೇಕು?” ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ ಫೆಲೋಶಿಪ್ ಸಿಕ್ಕರೆ ಸರ್ಕಾರವೇ ತಿಂಗಳಿಗೆ 37,000 ರೂಪಾಯಿ ಕೊಡುತ್ತದೆ ಎಂದೆ. ಅವಳು ನಂಬಲಿಲ್ಲ. ಅವರ ಮನೆಯಲ್ಲಿ ಕಾಲೇಜು ಕಂಡವಳು ಅವಳೊಬ್ಬಳೇ. ಇದನ್ನೆಲ್ಲ ಅವಳಿಗೆ ಯಾರು ಹೇಳಬೇಕಿತ್ತು?

ದಾರಿಗಳು ಇಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ, ಬೇಸಿಗೆಯಲ್ಲಿ ಎರಡು ತಿಂಗಳು ವಿದ್ಯಾರ್ಥಿಗಳನ್ನು ವಿಜ್ಞಾನಿಗಳ ಬಳಿ ಕಳಿಸುತ್ತ ಬಂದಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ವಿಜ್ಞಾನ ಸಂಶೋಧನಾ ಕೇಂದ್ರ ಬಿಎಸ್ಸಿ ಮಕ್ಕಳನ್ನು ಸತತ ಮೂರು ಬೇಸಿಗೆ ಕರೆಸಿಕೊಂಡು ಕಲಿಸುವ ಯೋಜನೆ ನಡೆಸಿದೆ. ಆದರೆ ಇಂಥ ಅರ್ಜಿಗಳು ಕೇಳುವುದು ಎರಡು ಸಂಗತಿ: ನೀನು ಏನನ್ನು ಹುಡುಕಬೇಕೆಂದಿದ್ದೀಯ, ನಿನ್ನ ಕೆಲಸವನ್ನು ಬಲ್ಲ ಮೇಷ್ಟ್ರು ಯಾರು. ಉತ್ತರ ಮೊದಲೇ ಗೊತ್ತಿರುವ ಪ್ರಯೋಗಗಳನ್ನು ರೆಕಾರ್ಡ್ ಪುಸ್ತಕಕ್ಕೆ ಇಳಿಸಿದ ಮಕ್ಕಳಿಗೆ ಮೊದಲನೆಯದು ಹೊಳೆಯುವುದಿಲ್ಲ. ವರ್ಷ ವರ್ಷವೂ ಬದಲಾಗುವ ನಮ್ಮಂಥವರ ಕೈಯಲ್ಲಿ ಓದಿದವರಿಗೆ ಎರಡನೆಯದು ಸಿಗುವುದಿಲ್ಲ.

ಅಮೆರಿಕದಲ್ಲಿ ಇಂಥ ಮಕ್ಕಳಿಗೆಂದೇ ಒಂದು ಸರ್ಕಾರಿ ಯೋಜನೆಯಿದೆ. 1986ರಲ್ಲಿ ಚಾಲೆಂಜರ್ ನೌಕೆಯಲ್ಲಿ ಮಡಿದ ಕಪ್ಪು ಭೌತವಿಜ್ಞಾನಿ ರೊನಾಲ್ಡ್ ಮೆಕ್‌ನೇರ್ ಅವರ ಹೆಸರಿನದು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಹತ್ತಿದ ಬಡ ಮಕ್ಕಳನ್ನೂ ಉನ್ನತ ಶಿಕ್ಷಣದಲ್ಲಿ ವಿರಳವಾದ ಸಮುದಾಯಗಳವರನ್ನೂ ಪದವಿಯಲ್ಲಿರುವಾಗಲೇ ಒಬ್ಬ ಪ್ರಾಧ್ಯಾಪಕರ ಕೈಕೆಳಗೆ ಸಂಶೋಧನೆಗೆ ಹಚ್ಚುತ್ತ ಬಂದಿದ್ದಾರೆ.

ನಮ್ಮ ತಾಲೂಕಿನಲ್ಲೇ, ಶಂಕರಘಟ್ಟದಲ್ಲಿ, ನಿಮ್ಮ ವಿಶ್ವವಿದ್ಯಾಲಯವಿದೆ. ನನ್ನ ಮಕ್ಕಳಿಗೆ ಮಾತ್ರ ಅದು ಮಾರ್ಕ್ಸ್ ಕಾರ್ಡಿನ ಮೇಲಿನ ಹೆಸರು. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಅದರ ಸರಿತಪ್ಪಿನ ಚರ್ಚೆ ಇಲ್ಲಿ ಬೇಡ, ಆದರೆ ಸಂಶೋಧನೆಗೆಂದು ಇದ್ದ ನಾಲ್ಕನೇ ವರ್ಷ ಹೋಯಿತು. ಉಳಿದಿರುವುದು ರಜೆ. ಆ ರಜೆಯಲ್ಲಿ ಎರಡು ತಿಂಗಳು ನಿಮ್ಮ ಜ್ಞಾನಸಹ್ಯಾದ್ರಿ ಆವರಣದ ಲ್ಯಾಬುಗಳಿಗೆ ಭದ್ರಾವತಿ, ಶಿವಮೊಗ್ಗದ ಪದವಿ ಮಕ್ಕಳನ್ನು ಕರೆಯಿರಿ.

ಅವರಿಗೆ ಕೆಲಸಕ್ಕೇನು ಬರ? ತೋಟಗಳಲ್ಲಿ ಅಡಿಕೆಗೆ ಎಲೆಚುಕ್ಕಿ ಹರಡಿದೆ. ಕಾರ್ಖಾನೆ ಊರನ್ನು ಹಾದುಹೋಗುವ ಭದ್ರೆಯ ನೀರಿದೆ. ಮಂಗನ ಕಾಯಿಲೆಯನ್ನು 1957ರಲ್ಲಿ ಗುರುತಿಸಿದ್ದು ನಮ್ಮದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ. ಇಂದಿಗೂ ಅದು ಮಲೆನಾಡನ್ನು ಬಿಟ್ಟಿಲ್ಲ. ದರಗು ತರಲು ಕಾಡಿಗೆ ಹೋಗುವ ಮನೆಯ ಹುಡುಗನಿಗೆ ಅದನ್ನು ಹರಡುವ ಉಣ್ಣೆ ಎಲ್ಲಿ ಹತ್ತುತ್ತದೆಂದು ಯಾರೂ ಪಾಠ ಮಾಡಬೇಕಿಲ್ಲ.

ಒಂದು ಮಾತನ್ನು ಒತ್ತಿ ಹೇಳಬೇಕು. ಬರೀ ಅವಕಾಶ ಕೊಟ್ಟರೆ ಇವರು ಬರಲಾರರು. ರಜೆಯೆಂದರೆ ಹುಡುಗರು ಮದುವೆ ಮನೆಗಳಲ್ಲಿ ಬಡಿಸುವ, ಹುಡುಗಿಯರು ಅಂಗಡಿಯಲ್ಲಿ ನಿಲ್ಲುವ ಕಾಲ. ಆ ಕೂಲಿಯಷ್ಟಾದರೂ ಹಣ, ಹಾಸ್ಟೆಲ್ಲಿನಲ್ಲಿ ಜಾಗ, ಎರಡು ಹೊತ್ತಿನ ಊಟ ಇರಲೇಬೇಕು. ಆಯ್ಕೆಗೆ ಅಂಕಪಟ್ಟಿಯೊಂದನ್ನೇ ನೋಡಬೇಡಿ. ಕನ್ನಡದಲ್ಲಿ ಬರೆದ ಅರ್ಜಿಯನ್ನೂ ತೆಗೆದುಕೊಳ್ಳಿ. ತಪ್ಪಾದ ಪ್ರಯೋಗವನ್ನು ಮತ್ತೆ ಮಾಡಿಸುವ ತಾಳ್ಮೆಯ ಒಬ್ಬ ಗುರು ಪ್ರತಿ ಮಗುವಿಗೂ ಇರಲಿ. ಮೊದಲ ವರ್ಷಕ್ಕೆ ಹತ್ತು ಜನ ಸಾಕು.

ಪಿಎಚ್‌.ಡಿ. ಫೀಸು ಕೇಳಿದ ಹುಡುಗಿ ಈಗ ಶಿವಮೊಗ್ಗದ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ ಬರೆಯುತ್ತಾಳೆ. ಅವಳ ತಂಗಿ ಈ ವರ್ಷ ನನ್ನ ತರಗತಿಯಲ್ಲಿದ್ದಾಳೆ, ಎರಡನೇ ವರ್ಷ.

ಇಂತಿ,
ಭದ್ರಾವತಿಯ ಒಬ್ಬ ಅತಿಥಿ ಉಪನ್ಯಾಸಕಿ